ತಾರಸಿ ಕೋಣೆಗೆ ಎರಡನೇ ರೂಟರ್

ನನಗೆ ಫೋನ್ ಮಾಡುವವರೆಲ್ಲ ಹೇಳುವುದು ಒಂದೇ ಮಾತು, “ಮೇಡಂ, ನೆಟ್ ಸ್ಲೋ.” ದಸರಾ ರಜೆ ಮುಗಿದ ಬೆಳಿಗ್ಗೆ, ಹೊಸಹಳ್ಳಿಯಲ್ಲಿ ನನ್ನ ಅಂಗಡಿಯ ಷಟರ್ ಎತ್ತುತ್ತಿದ್ದಾಗ ಬಂದ ಫೋನು ಬೇರೆ ಥರ ಇತ್ತು. “ಮೇಡಂ, ವಿಡಿಯೋ ಕಾಲಲ್ಲಿ ನನ್ನ ಕೈ ನಿಂತುಹೋಗ್ತಾ ಇದೆ. ಇವತ್ತು ನಾಲ್ಕು ಗಂಟೆಗೆ ಒಂದು ಕಾಲ್ ಇದೆ, ಅದರಲ್ಲಿ ಮಾತ್ರ ನಿಲ್ಲಬಾರದು” ಎಂದರು ಒಬ್ಬ ಹೆಂಗಸು.

“ಮುಖ ನಿಂತ್ರೆ ಪರವಾಗಿಲ್ವಾ?” ಎಂದೆ. ನನ್ನ ನಾಲಿಗೆ ಹಾಗೆ, ತಲೆಗಿಂತ ಒಂದು ಹೆಜ್ಜೆ ಮುಂದೆ.

“ಮುಖ ನಿಂತ್ರೂ ಕಷ್ಟಾನೇ. ಸೌಂಡ್ ಹೋದ್ರೆ ಮಾತ್ರ ಪರವಾಗಿಲ್ಲ” ಎಂದರು ಆಕೆ. ನಗಲಿಲ್ಲ.

ಆಕೆ ಸನ್ನೆ ಭಾಷೆಯ ದುಭಾಷಿ. ದೂರದ ಆಸ್ಪತ್ರೆಗಳಿಗೆ ಕಿವಿ ಕೇಳದ ರೋಗಿಗಳು ಬಂದಾಗ ರಾಜಾಜಿನಗರದ ತಮ್ಮ ಮನೆಯಲ್ಲೇ ಕೂತು ವಿಡಿಯೋದಲ್ಲಿ ಡಾಕ್ಟರ ಮಾತನ್ನು ಕೈಯಲ್ಲಿ ಹೇಳುತ್ತಾರೆ, ರೋಗಿಯ ಕೈಮಾತನ್ನು ಬಾಯಲ್ಲಿ ಹೇಳುತ್ತಾರೆ. ಊರು, ಹೆಸರು ಹೇಳಲಾರೆ ಎಂದು ಮೊದಲೇ ಅಂದು, ವಿಷಯ ಮಾತ್ರ ತಿಳಿಸಿದರು. ರೋಗಿ ಒಬ್ಬ ಬಡಗಿ. ಹುಟ್ಟಿನಿಂದ ಕಿವಿ ಕೇಳದು. ಈಗ ಎರಡೂ ಕಣ್ಣಿಗೆ ಪೊರೆ ಬಂದಿದೆ. ಆಪರೇಷನ್ ಬಗ್ಗೆ ವಿವರಿಸುವಾಗ ಹೋದ ಸಲ ಚಿತ್ರ ಮತ್ತೆ ಮತ್ತೆ ನಿಂತಿತಂತೆ. ಆ ಮನುಷ್ಯ ಎದ್ದು, “ನಿಂತು ನಿಂತು ಬರೋ ಮಾತನ್ನ ನಂಬಿ ಕಣ್ಣು ಕೊಡಲ್ಲ” ಎಂದು ಕೈಯಲ್ಲಿ ಹೇಳಿ ಮನೆಗೆ ಹೋಗಿಬಿಟ್ಟನಂತೆ. ಹೆಂಡತಿ ಕಾಡಿ ಬೇಡಿ ಇವತ್ತು ಇನ್ನೊಂದು ಸಲ ಕರೆತರುತ್ತಿದ್ದಾಳೆ. ಕಣ್ಣು ಹೋದರೆ ಅವನಿಗೆ ಮಾತೇ ಹೋದಂತೆ, ಮೇಡಂ, ಎಂದರು ದುಭಾಷಿ.

ಸೀರಿಯಲ್ ನಿಲ್ಲುತ್ತದೆ, ಕ್ರಿಕೆಟ್ ನಿಲ್ಲುತ್ತದೆ ಎಂದು ಕರೆಯುವವರ ಮನೆಗೆ ಹೋಗಿ ಹೋಗಿ ಸಾಕಾಗಿದ್ದವಳು ನಾನು. ಎತ್ತಿದ ಷಟರನ್ನು ಮತ್ತೆ ಎಳೆದೆ. ಬ್ಯಾಗಿನಲ್ಲಿದ್ದ ಕ್ರಿಂಪರ್‌ಗೆ, ಅಂದರೆ ಕೇಬಲ್ಲಿನ ತುದಿಗೆ ಪ್ಲಗ್ ಕಚ್ಚಿಸುವ ಇಕ್ಕಳಕ್ಕೆ, ಆಯುಧಪೂಜೆಯ ಸೇವಂತಿಗೆ ಇನ್ನೂ ಕಟ್ಟಿಯೇ ಇತ್ತು. ಬಿಚ್ಚಲು ಪುರುಸೊತ್ತಿಲ್ಲದೆ ಹಾಗೇ ಸ್ಕೂಟರ್ ಹತ್ತಿದೆ.

ಮನೆ ಕಿರಿದಾದ ಸೈಟಿನಲ್ಲಿ ಮೇಲಕ್ಕೆ ಬೆಳೆದದ್ದು. ಕೆಳಗೆ ದುಭಾಷಿಯ ಸಂಸಾರ, ಮಧ್ಯದ ಮಹಡಿಯಲ್ಲಿ ಬಾಡಿಗೆಯವರು, ಮೇಲೆ ತಾರಸಿಯಲ್ಲಿ ಒಂದೇ ಕೋಣೆ. ಆ ಕೋಣೆಯೇ ಆಕೆಯ ಆಫೀಸು. ಹಿಂದೆ ನೀಲಿ ಬಳಿದ ಖಾಲಿ ಗೋಡೆ, ಎದುರಿಗೆ ಎರಡು ದೀಪ, ಸ್ಟ್ಯಾಂಡಿನ ಮೇಲೆ ಕಂಪನಿ ಕೊಟ್ಟ ಟ್ಯಾಬ್ಲೆಟ್. ಇಂಟರ್‌ನೆಟ್ಟಿನ ಫೈಬರು ಬಂದು ಸೇರುವ ರೂಟರ್ ಇರುವುದು ಮಾತ್ರ ಕೆಳಗಿನ ಹಾಲಿನಲ್ಲಿ.

ಬಾಗಿಲು ತೆಗೆದವರು ದುಭಾಷಿಯ ಅತ್ತೆ. ದಾವಣಗೆರೆ ಕಡೆಯವರು, ಹಣೆ ತುಂಬ ವಿಭೂತಿ, ಸೊಂಟಕ್ಕೆ ಸಿಕ್ಕಿಸಿದ ಸೆರಗು. ನನ್ನನ್ನು ಮೇಲಿಂದ ಕೆಳಗೆ ನೋಡಿ, “ರಿಪೇರಿಯವ್ರು ಎಲ್ಲಮ್ಮ?” ಎಂದರು.

“ನಾನೇ ಅಮ್ಮ.”

“ಹೌದಾ? ಒಳ್ಳೇದಾತು ಬಿಡು. ಗಂಡಸ್ರು ಬಂದ್ರೆ ಚಪ್ಪಲಿ ಕಾಲಲ್ಲೇ ಒಳಗೆ ನುಗ್ತಾರೆ.”

ನಾನು ತಕ್ಷಣ ಚಪ್ಪಲಿ ಬಿಟ್ಟೆ. ಇಲ್ಲವಾದರೆ ಆ ಅವಸರದಲ್ಲಿ ನಾನೂ ನುಗ್ಗುತ್ತಿದ್ದೆ ಎನ್ನುವುದನ್ನು ಹೇಳಲಿಲ್ಲ.

ನನ್ನ ಮೊದಲ ಪ್ರಶ್ನೆ ಎಲ್ಲರೂ ಕೇಳುವಂಥದ್ದೇ. ಕೆಳಗೇ ಕೂತು ಮಾತಾಡಬಾರದೇಕೆ? ದುಭಾಷಿ ತಲೆ ಅಲ್ಲಾಡಿಸಿದರು. “ಅವರ ಕಣ್ಣಿನ ವಿಷಯ ನಮ್ಮನೆ ಹಾಲಲ್ಲಿ ಮಾತಾಡಕ್ಕಾಗಲ್ಲ. ಬಾಗಿಲು ಹಾಕಿದ ಕೋಣೆ, ಹಿಂದೆ ಖಾಲಿ ಗೋಡೆ. ರೂಲ್ಸೇ ಹಾಗೆ.” ಮೊಬೈಲ್ ಡೇಟಾ? ಹೋದ ಸಲ ಅದನ್ನೇ ನಂಬಿ ಕೆಟ್ಟಿದ್ದು. ಸರಿ ಎಂದು ಲ್ಯಾಪ್‌ಟಾಪ್ ತೆಗೆದು ಮನೆಯೆಲ್ಲ ಸುತ್ತಿ ಸಿಗ್ನಲ್ ಅಳೆದೆ. ಹಾಲಿನಲ್ಲಿ ಅದ್ಭುತ, ಮಧ್ಯದ ಮಹಡಿಯ ಮೆಟ್ಟಿಲ ಹತ್ತಿರ ಪರವಾಗಿಲ್ಲ, ತಾರಸಿ ಕೋಣೆಯಲ್ಲಿ ಉಸಿರಷ್ಟೇ ಇತ್ತು. ಎರಡು ಕಾಂಕ್ರೀಟ್ ಚಾವಣಿ ದಾಟಿ ಬರುವಷ್ಟರಲ್ಲಿ ಸಿಗ್ನಲ್ ಸುಸ್ತಾಗಿರುತ್ತದೆ. ಜೊತೆಗೆ ಸುತ್ತಲಿನ ಮನೆಗಳ ವೈಫೈಗಳೆಲ್ಲ ಅಲ್ಲೇ ಬಂದು ಸಂತೆ ನೆರೆದಿದ್ದವು.

“ಎರಡನೇ ರೂಟರ್ ಹಾಕ್ಬೇಕು” ಎಂದೆ.

“ತಂದಿಟ್ಟಿದೀವಿ” ಎಂದು ದುಭಾಷಿ ದೇವರ ಮನೆಯತ್ತ ಕೈ ತೋರಿಸಿದರು. ಹಬ್ಬಕ್ಕೆ ಮೊದಲೇ ತರಿಸಿದ್ದರಂತೆ. ಹೊಲಿಗೆ ಮಷಿನ್ನು, ಮಿಕ್ಸಿ, ಗಂಡನ ಬೈಕಿನ ಕೀ, ಇವುಗಳ ಸಾಲಿನಲ್ಲಿ ಹೊಸ ರೂಟರ್ ಕೂತಿತ್ತು. ಎರಡು ಆಂಟೆನಾಗಳಿಗೂ ಹೂವು, ಮೈಮೇಲೆ ಗಂಧ, ಕುಂಕುಮ, ವಿಭೂತಿ. ಅತ್ತೆ ಅದನ್ನು ಎರಡೂ ಕೈಯಲ್ಲಿ ಎತ್ತಿ ಕೊಟ್ಟರು. ನಾನೂ ಕಣ್ಣಿಗೊತ್ತಿಕೊಂಡೆ. ನನ್ನ ಇಕ್ಕಳವೇ ಹೂ ಮುಡಿದು ಬಂದಿರುವಾಗ ಬೇರೆಯವರ ರೂಟರಿಗೆ ನಾನು ಏನು ಹೇಳಲಿ? ಅದರ ಹೊರಮೈಯನ್ನು ಒಂದು ಬಟ್ಟೆಯಲ್ಲಿ ಒರೆಸಿ ಕೆಲಸಕ್ಕೆ ಇಳಿದೆ.

ಮೊದಲು ಸುಲಭದ ದಾರಿ ಹಿಡಿದೆ. ಹೊಸ ರೂಟರನ್ನು ರಿಪೀಟರ್ ಮಾಡಿ ಮಧ್ಯದ ಮಹಡಿಯ ಮೆಟ್ಟಿಲ ತಿರುವಿನಲ್ಲಿಟ್ಟೆ. ತಂತಿ ಬೇಡ, ತೂತು ಬೇಡ. ಕೆಳಗಿನ ರೂಟರ್ ಹೇಳಿದ್ದನ್ನು ಇದು ಕೇಳಿಸಿಕೊಂಡು ಮೇಲಕ್ಕೆ ಹೇಳುತ್ತದೆ. ಬಾಡಿಗೆಯವರು ಹಬ್ಬಕ್ಕೆಂದು ಊರಿಗೆ ಹೋಗಿ ಬೀಗ ಹಾಕಿದ್ದರಿಂದ ಅವರ ಮನೆಯೊಳಗೆ ಇಡುವ ಹಾಗಿರಲಿಲ್ಲ, ಮೆಟ್ಟಿಲೇ ಗತಿ. ತಾರಸಿಗೆ ಓಡಿ ನೋಡಿದರೆ ಟ್ಯಾಬ್ಲೆಟ್‌ನಲ್ಲಿ ಸಿಗ್ನಲ್ಲಿನ ಗೀಟುಗಳೆಲ್ಲ ಭರ್ತಿ. “ನೋಡಿ, ಎಷ್ಟು ಚೆನ್ನಾಗಿ ಬಂತು” ಎಂದು ಬೀಗಿದೆ. ದುಭಾಷಿಯ ಮುಖ ಅರಳಿತು.

ಪರೀಕ್ಷೆಗೆ ಆಕೆ ನನ್ನ ಫೋನಿಗೆ ವಿಡಿಯೋ ಕಾಲ್ ಮಾಡಿ ಕೈ ಆಡಿಸತೊಡಗಿದರು. ನಾನು ಫೋನ್ ಹಿಡಿದು ಹೊರಗೆ ತಾರಸಿಯಲ್ಲಿ ನಿಂತೆ. ಒಂದು ಕ್ಷಣ ಚೆನ್ನಾಗಿತ್ತು. ಆಮೇಲೆ ಎತ್ತಿದ ಕೈ ಎತ್ತಿದಲ್ಲೇ ಉಳಿಯಿತು. ಮತ್ತೆ ಹರಿದು ಬಂದಾಗ ಕೈ ಎಲ್ಲೋ ಹೋಗಿತ್ತು, ಮಧ್ಯದ್ದೆಲ್ಲ ಮಾಯ. ನಾನು ವೈಫೈನ ಚಾನೆಲ್ ಬದಲಿಸಿದೆ, ರೂಟರನ್ನು ಒಂದು ಮೆಟ್ಟಿಲು ಕೆಳಗಿಟ್ಟೆ, ಎರಡು ಮೆಟ್ಟಿಲು ಮೇಲಿಟ್ಟೆ, ಆಂಟೆನಾ ತಿರುಗಿಸಿದೆ, ಮಲಗಿಸಿದೆ. ಏನು ಮಾಡಿದರೂ ಆ ಕೈ ನಿಲ್ಲುವುದು ನಿಲ್ಲಲಿಲ್ಲ. ಕೇಳುವುದನ್ನೂ ಹೇಳುವುದನ್ನೂ ಒಂದೇ ರೇಡಿಯೋ ಮಾಡಬೇಕು, ಸುತ್ತ ಬೇರೆ ಗಲಾಟೆ. ಸಿನಿಮಾ ನೋಡುವವರಿಗೆ ಇದು ಸಾಕು. ಸಿನಿಮಾ ಮುಂದಿನದನ್ನು ಮೊದಲೇ ತುಂಬಿಟ್ಟುಕೊಳ್ಳುತ್ತದೆ. ಎದುರುಬದುರು ಮಾತಿಗೆ ಆ ಸೌಕರ್ಯ ಇಲ್ಲ.

ದುಭಾಷಿ ಹೊರಗೆ ಬಂದರು. “ಇಷ್ಟೇ ಆಗೋದಾದ್ರೆ ಈಗ್ಲೇ ಹೇಳಿಬಿಡಿ. ಕಾಲ್ ಕ್ಯಾನ್ಸಲ್ ಮಾಡ್ತೀನಿ. ಅರ್ಧಂಬರ್ಧ ಮಾತಾಡಿ ಅವರನ್ನ ಇನ್ನೊಂದು ಸಲ ಹೆದರಿಸೋದು ಬೇಡ” ಎಂದರು.

ನನಗೆ ಸಿಟ್ಟು ಬಂತು. ಆಕೆಯ ಮೇಲಲ್ಲ, ಗೀಟು ಭರ್ತಿಯಾದದ್ದನ್ನು ನೋಡಿ ಹಿಗ್ಗಿದ ನನ್ನ ಮೇಲೆ. ಆಗಲೇ ಮಧ್ಯಾಹ್ನ. ಇರುವ ಅರೆಬರೆ ಸಿಗ್ನಲ್ಲನ್ನೇ ತೀಡುತ್ತ ಕೂರಬಹುದಿತ್ತು. ಅಥವಾ ಅದನ್ನು ಕಿತ್ತುಹಾಕಿ ಕೆಳಗಿನಿಂದ ಮೇಲಿನವರೆಗೆ ಕೇಬಲ್ ಎಳೆಯಬಹುದಿತ್ತು. ಎಳೆಯಲಾಗದಿದ್ದರೆ ನಾಲ್ಕು ಗಂಟೆಗೆ ಏನೂ ಇರುವುದಿಲ್ಲ. ನಾನು ಮೆಟ್ಟಿಲಿನಿಂದ ರೂಟರ್ ಕಿತ್ತೆ. “ಕೇಬಲ್ ಎಳೀತೀನಿ. ಕ್ಯಾನ್ಸಲ್ ಮಾಡ್ಬೇಡಿ” ಎಂದೆ. ಹೇಳಿದ ಮೇಲೆ ಕೈಗೆ ಹೊಸ ಹುರುಪು ಬಂದಿತ್ತು.

ಕೇಬಲ್ಲಿಗೆ ದಾರಿ ಬೇಕಲ್ಲ. ಹೊರಗೋಡೆ ಹಿಡಿದು ಇಳಿಸೋಣ ಎಂದರೆ ಮನೆ ಮುಂದೆ ಕೈಗೆಟಕುವಷ್ಟು ಹತ್ತಿರದಲ್ಲೇ ಕರೆಂಟಿನ ತಂತಿಗಳು. ಪಕ್ಕದ ಮನೆಯ ಗೋಡೆಗೂ ಈ ಗೋಡೆಗೂ ನಡುವೆ ಕೈ ತೂರುವುದೂ ಕಷ್ಟ. ಮೆಟ್ಟಿಲ ಮೇಲೆ ಹಾಸಿದರೆ ಕೆಳಗೊಂದು ಮೇಲೊಂದು ಕಬ್ಬಿಣದ ಬಾಗಿಲು, ಒಂದು ಸಲ ದಡಾರೆಂದು ಹಾಕಿದರೆ ಕೇಬಲ್ ತುಂಡು. ಅಷ್ಟರಲ್ಲಿ ಅತ್ತೆ, “ಹಳೇ ಟೀವಿ ವೈರು ತಾರಸಿಯಿಂದಾನೇ ಬರ್ತಿತ್ತಲ್ಲ, ಅದು ಗೋಡೆ ಒಳಗೇ ಐತೆ” ಎಂದರು. ನನಗೆ ಅವರನ್ನು ಅಪ್ಪಿಕೊಳ್ಳಬೇಕೆನ್ನಿಸಿತು.

ಗೋಡೆಯೊಳಗಿನ ಪೈಪಿನಲ್ಲಿ ಹಳೆಯ ವೈರು ಇದೆ ಎಂದರೆ ಅರ್ಧ ಕೆಲಸ ಮುಗಿದಂತೆ. ಮೇಲೆ ಅದರ ತುದಿಗೆ ಹೊಸ ಕೇಬಲ್ ಕಟ್ಟಿ ಟೇಪು ಸುತ್ತಬೇಕು, ಕೆಳಗಿನಿಂದ ಹಳೆಯದನ್ನು ಎಳೆಯಬೇಕು. ಹಳೆಯದು ಹೊರಗೆ ಬರುತ್ತ ಹೊಸದನ್ನು ಒಳಗೆ ಎಳೆದುಕೊಳ್ಳುತ್ತದೆ. ನಾನು ತಾರಸಿಯಲ್ಲಿ ಕೇಬಲ್ ಬಿಡುವುದು, ಅತ್ತೆ ಹಾಲಿನಲ್ಲಿ ಎಳೆಯುವುದು ಎಂದಾಯಿತು. ತೊಡಕು ಏನೆಂದರೆ ಎರಡು ಚಾವಣಿ ದಾಟಿ ನನ್ನ ಕೂಗು ಕೆಳಗೆ ಸ್ಪಷ್ಟವಾಗಿ ಕೇಳದು. ದುಭಾಷಿ ನಕ್ಕರು, ಬೆಳಿಗ್ಗೆಯಿಂದ ಮೊದಲ ಸಲ. “ನಾನಿದೀನಲ್ಲ” ಎಂದು ಮೆಟ್ಟಿಲ ನಡುವೆ ನಿಂತರು. ಎಳೆ, ನಿಲ್ಲಿಸು, ನಿಧಾನ. ಮೂರು ಸನ್ನೆ ಕಲಿಸಿಕೊಟ್ಟರು. ನಾನು ಮೇಲಿನಿಂದ ಕೈ ಮಾಡಿದರೆ ಅವರು ಅದನ್ನೇ ಕೆಳಗೆ ಮಾಡುತ್ತಿದ್ದರು. ಅತ್ತೆಗೆ ಮೂರೂ ಮೊದಲೇ ಗೊತ್ತಿದ್ದವು. ಸೊಸೆಯಿಂದ ಯಾವಾಗಲೋ ಕಲಿತಿದ್ದರಂತೆ.

ಪೌಡರ್ ಉದುರಿಸಿ ಜಾರುವಂತೆ ಮಾಡಿ, ಎಳೆ ಎಂದೆ. ಕೇಬಲ್ ಸರಸರ ಇಳಿಯಿತು. ನನಗೆ ಹಾಡು ಹೇಳುವಷ್ಟು ಖುಷಿ. ಅಷ್ಟರಲ್ಲಿ ಎಲ್ಲೋ ಬಿಗಿಯಿತು. ನಿಧಾನ ಎಂದು ಕೈ ಮಾಡಿದೆ. ಅತ್ತೆ ಉತ್ಸಾಹದಲ್ಲಿದ್ದರು, ಒಂದು ಜಗ್ಗು ಜಗ್ಗಿದರು. ಕೆಳಗಿನಿಂದ “ಬಂತು ಬಂತು” ಎಂಬ ಸಂಭ್ರಮದ ಧ್ವನಿ ಮೆಟ್ಟಿಲ ಮೂಲಕ ತೇಲಿ ಬಂತು. ಇಳಿದು ನೋಡಿದರೆ ಅತ್ತೆಯ ಕೈಯಲ್ಲಿ ಸುರುಳಿ ಸುರುಳಿ ಹಳೆಯ ವೈರು. ಅದರ ತುದಿಯಲ್ಲಿ ನನ್ನ ಟೇಪು ಮಾತ್ರ ಇತ್ತು, ಕೇಬಲ್ ಇರಲಿಲ್ಲ.

“ನಂದೇ ತಪ್ಪೇನಮ್ಮ?” ಎಂದರು ಪಾಪ.

“ಇಲ್ಲಮ್ಮ, ನನ್ನ ಗಂಟೇ ದಂಡ” ಎಂದೆ. ಅದು ನಿಜವೇ. ಕೇಬಲ್ಲಿನ ತುದಿಯನ್ನು ಚೂಪು ಮಾಡಿ ಕಟ್ಟಬೇಕಿತ್ತು, ಅವಸರದಲ್ಲಿ ದಪ್ಪಕ್ಕೆ ಸುತ್ತಿದ್ದೆ. ಪೈಪಿನ ತಿರುವಿನಲ್ಲಿ ಅದು ಸಿಕ್ಕಿ ಕಳಚಿಕೊಂಡಿತ್ತು. ಈಗ ಪೈಪಿನಲ್ಲಿ ಎಳೆಯುವುದಕ್ಕೆ ಏನೂ ಇಲ್ಲ.

ಮಧ್ಯದ ಮಹಡಿಯ ಮೆಟ್ಟಿಲ ಗೋಡೆಯಲ್ಲಿ ಬಣ್ಣ ಬಳಿದು ಮುಚ್ಚಿದ್ದ ಒಂದು ಚೌಕ ಡಬ್ಬಿ ಬೆಳಿಗ್ಗೆಯೇ ಕಣ್ಣಿಗೆ ಬಿದ್ದಿತ್ತು. ಪೈಪು ಅಲ್ಲಿ ಹಾದುಹೋಗಲೇಬೇಕು. ಚಾಕುವಿನಿಂದ ಬಣ್ಣ ಕೊರೆದು ಮುಚ್ಚಳ ಎಬ್ಬಿಸಿದೆ. ಒಳಗೆ ಧೂಳು, ಜೇಡರ ಬಲೆ, ಅವುಗಳ ಮಧ್ಯೆ ನನ್ನ ಕೇಬಲ್ಲಿನ ತುದಿ. ಸಿಕ್ಕಿದ್ದು ಅಲ್ಲೇ. ಆಗ ಆದ ಸಂತೋಷಕ್ಕೆ ನಾನು ದುಭಾಷಿಯ ಭುಜಕ್ಕೆ ಒಂದು ಏಟು ಕೊಟ್ಟೆನಂತೆ, ಆಮೇಲೆ ಹೇಳಿದರು. ಡಬ್ಬಿಯಿಂದ ಕೆಳಕ್ಕೆ ವೈರು ಎಳೆಯುವ ಉದ್ದನೆಯ ಉಕ್ಕಿನ ಸ್ಪ್ರಿಂಗ್ ತೂರಿಸಿ, ಅದಕ್ಕೆ ಕೇಬಲ್ ಕಟ್ಟಿ, ಈ ಸಲ ತುದಿಯನ್ನು ಇಲಿಯ ಬಾಲದಷ್ಟು ಸಣ್ಣ ಮಾಡಿ ಇಳಿಸಿದೆ. ಅತ್ತೆ ಹಾಲಿನಲ್ಲಿ ಉಸಿರು ಬಿಗಿಹಿಡಿದು, ಮಗುವಿನ ಕೂದಲು ಬಾಚುವವರಂತೆ ಎಳೆದರು. ಬಂತು.

ಎರಡೂ ತುದಿಗೆ ಪ್ಲಗ್ ಕಚ್ಚಿಸಿದೆ. ಹೊಸ ರೂಟರಿಗೆ ಬೇರೆ ವಿಳಾಸ ಕೊಟ್ಟೆ. ಮನೆಯ ಸಾಧನಗಳಿಗೆ ವಿಳಾಸ ಹಂಚುವ ಕೆಲಸ ಕೆಳಗಿನದಕ್ಕೆ ಮಾತ್ರ ಇರಲಿ ಎಂದು ಹೊಸದರಲ್ಲಿ ಅದನ್ನು ಬಂದ್ ಮಾಡಿದೆ. ಇಬ್ಬರೂ ಹಂಚತೊಡಗಿದರೆ ಮನೆಯಲ್ಲಿ ಜಗಳ. ತಾರಸಿಯ ವೈಫೈಗೆ ಬೇರೆ ಹೆಸರಿಟ್ಟೆ. ಒಂದೇ ಹೆಸರಾದರೆ ಟ್ಯಾಬ್ಲೆಟ್ ಕೆಳಗಿನ ಬಡಕಲು ಸಿಗ್ನಲ್ಲನ್ನೇ ತಬ್ಬಿಕೊಂಡು ಕೂರುವ ಸಂಭವ ಇರುತ್ತದೆ. ಎಲ್ಲ ಮುಗಿಸಿ ಕೇಬಲ್ ಚುಚ್ಚಿದೆ. ದೀಪ ಹತ್ತಿತು. ಆರಿತು. ಹತ್ತಿತು. ಆರಿತು.

ಪ್ಲಗ್ ಕತ್ತರಿಸಿ ಮತ್ತೆ ಕಚ್ಚಿಸಿದೆ. ಅದೇ ಕಥೆ. ಗಂಟೆ ಮೂರು ದಾಟಿತ್ತು. ದುಭಾಷಿ ಅಷ್ಟರಲ್ಲಿ ಕಡುಬಣ್ಣದ ಕುರ್ತಾ ಹಾಕಿ ಕೂದಲು ಕಟ್ಟಿಕೊಂಡು ಬಂದು ಬಾಗಿಲಲ್ಲಿ ನಿಂತಿದ್ದರು. ಏನಾದರೂ ಕೇಳಿದ್ದರೆ ನಾನು ಅತ್ತುಬಿಡುತ್ತಿದ್ದೆನೇನೋ. ಪೈಪಿನೊಳಗೆ ಕೇಬಲ್ ಪೆಟ್ಟು ತಿಂದಿದ್ದರೆ ಇನ್ನೊಂದು ಎಳೆಯಲು ಸಮಯವಿಲ್ಲ. ಟೆಸ್ಟರ್ ಹಾಕಿದೆ. ಕೇಬಲ್ಲಿನೊಳಗಿನ ಎಂಟು ತಂತಿಗೆ ಎಂಟು ದೀಪ ಸಾಲಾಗಿ ಹತ್ತಿದವು. ನಂಬಿಕೆ ಬರದೆ ಕೇಬಲ್ಲನ್ನು ನನ್ನ ಲ್ಯಾಪ್‌ಟಾಪ್‌ಗೇ ಚುಚ್ಚಿದೆ. ಪೂರ್ತಿ ವೇಗ. ಟ್ಯಾಬ್ಲೆಟ್‌ಗೆ ಕೇಬಲ್ ಚುಚ್ಚುವ ಬಾಯಿಯೇ ಇಲ್ಲ, ಇದ್ದಿದ್ದರೆ ಅಲ್ಲಿಗೇ ಕೆಲಸ ಮುಗಿಯುತ್ತಿತ್ತು. ಆದರೆ ಒಂದು ಗೊತ್ತಾಯಿತು. ಕೇಬಲ್ ಸರಿ ಇದೆ, ಕೆಟ್ಟಿರುವುದು ಹೊಚ್ಚ ಹೊಸ ರೂಟರ್.

ಅದನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದು ಬಾಯಿಗಳೊಳಗೆ ಇಣುಕಿದೆ. ಹಳದಿ ಬಾಯಿ ನಾಲ್ಕರಲ್ಲೂ ಬೆಳ್ಳಗೆ ಏನೋ ಗಟ್ಟಿಯಾಗಿ ಕೂತಿತ್ತು. ಕೊನೆಯ ನೀಲಿ ಬಾಯಿಯಲ್ಲಿ ಕೆಂಪಗೆ. ಮೂಸಿ ನೋಡಿದೆ. ಗಂಧ.

ಮೆಟ್ಟಿಲಿಗೆ ಬಂದು “ಅಮ್ಮ” ಎಂದು ಜೋರಾಗಿ ಕೂಗಿದೆ. ಅತ್ತೆ ಮೇಲೆ ಹತ್ತಿ ಬಂದರು. “ಇದಕ್ಕೆ ವಿಭೂತಿ ಎಲ್ಲಿ ಹಚ್ಚಿದ್ರಿ?”

“ಮುಖಕ್ಕೆ.”

“ಮುಖ ಅಂದ್ರೆ?”

“ಬಾಯಿ ಇರೋ ಕಡೆನೇ ಅಲ್ವೇನಮ್ಮ ಮುಖ? ಒದ್ದೆ ಬೆರಳಲ್ಲಿ ಮೂರು ಗೆರೆ ಎಳ್ದೆ. ನೀಲಿದು ಒಂದೇ ಇತ್ತು, ಅದಕ್ಕೆ ಗಂಧ ಇಟ್ಟು ಮೇಲೆ ಕುಂಕುಮ ಇಟ್ಟೆ.”

ನಾವು ಕೆಲಸದವರು ದೀಪ ಮಿನುಗುವ ಕಡೆಯನ್ನು ಮುಂಭಾಗ ಎನ್ನುತ್ತೇವೆ. ಅವರ ಲೆಕ್ಕದಲ್ಲಿ ಐದು ಬಾಯಿಗಳಿರುವ ಕಡೆ ಬೆನ್ನಾಗುವುದು ಹೇಗೆ? ಒಳಗಿನ ಸಣ್ಣ ಹಿತ್ತಾಳೆ ತಂತಿಗಳ ಮೇಲೆ ವಿಭೂತಿ ಒಣಗಿ ಸಿಮೆಂಟಿನ ಹಾಗೆ ಕೂತಿತ್ತು. ಎಂಟರಲ್ಲಿ ಕೆಲವು ತಾಗುತ್ತವೆ, ಕೆಲವು ತಾಗುವುದಿಲ್ಲ, ಅದಕ್ಕೇ ದೀಪ ಹತ್ತಿ ಆರುತ್ತಿದ್ದದ್ದು. ನನಗೆ ನಗು ತಡೆಯಲಾಗಲಿಲ್ಲ. ದುಭಾಷಿಯೂ ನಕ್ಕರು, ಆದರೆ ಅವರ ಕಣ್ಣು ಗಡಿಯಾರದ ಮೇಲಿತ್ತು.

ಕಿಟ್‌ನಲ್ಲಿ ಸ್ಪಿರಿಟ್ ಇತ್ತು. ಸಣ್ಣ ಬ್ರಷ್ ಬೇಕಿತ್ತು. ದುಭಾಷಿ ಕಣ್ಣಿಗೆ ಬಣ್ಣ ಹಚ್ಚುವ ತಮ್ಮ ಬ್ರಷ್ಷನ್ನೇ ತಂದುಕೊಟ್ಟರು. ಒಂದನೇ ಹಳದಿ ಬಾಯಿಗೆ ಸ್ಪಿರಿಟ್ ತಾಗಿಸಿ ಉಜ್ಜತೊಡಗಿದೆ. ಅತ್ತೆಗೆ ಬೇಜಾರಾದೀತು ಎಂದು ಅಳುಕಿತ್ತು, ದೇವರ ವಿಭೂತಿಯನ್ನು ಉಜ್ಜಿ ತೆಗೆಯುವುದೆಂದರೆ ಸಣ್ಣ ಮಾತಲ್ಲ. ಅವರು ನನ್ನ ಕೈಯ ಕೆಳಗೆ ತಮ್ಮ ಅಂಗೈ ಹಿಡಿದರು. ಉದುರಿದ ಬಿಳಿ ಪುಡಿಯನ್ನು ಹಣೆಗೆ ಇಟ್ಟುಕೊಂಡು ನನ್ನ ಹಣೆಗೂ ಇಟ್ಟರು. “ಸರಿಯಾಗಿ ಉಜ್ಜು, ಸಂಕೋಚ ಮಾಡ್ಬೇಡ” ಎಂದರು.

ಹೇರ್ ಡ್ರೈಯರಿನ ತಣ್ಣನೆ ಗಾಳಿಯಲ್ಲಿ ಒಣಗಿಸಿದೆ. ಮತ್ತೆ ಬೆಳಕಿಗೆ ಹಿಡಿದೆ. ಎಂಟೂ ತಂತಿಗಳು ಹೊಳೆಯುತ್ತಿದ್ದವು. ಕೇಬಲ್ ಚುಚ್ಚಿದೆ. ದೀಪ ಹತ್ತಿತು, ಹಸಿರು. ನಾವು ಮೂವರೂ ಅದನ್ನೇ ನೋಡುತ್ತ ಕೂತೆವು. ಆರಲಿಲ್ಲ. ಟ್ಯಾಬ್ಲೆಟ್ ಹೊಸ ಹೆಸರಿಗೆ ಸೇರಿತು, ಹಳೆಯ ವೈಫೈ ಹೆಸರನ್ನು ಅದರಿಂದ ಅಳಿಸಿದೆ. ದುಭಾಷಿ ನನ್ನ ಫೋನಿಗೆ ಕಾಲ್ ಮಾಡಿ ಎರಡು ಕೈಯನ್ನೂ ಆಡಿಸಿದರು, ಬೇಗ ಬೇಗ, ಬೆರಳುಗಳನ್ನೆಲ್ಲ ಬಿಡಿಸಿ, ಮಡಿಸಿ. ಒಂದು ಬೆರಳೂ ಎಲ್ಲೂ ನಿಲ್ಲಲಿಲ್ಲ. ಆ ಭಾಷೆಯಲ್ಲಿ ಮೂರೇ ಸನ್ನೆ ಗೊತ್ತಿದ್ದರೂ ನನಗೆ ಎಷ್ಟು ಚೆಂದ ಎನ್ನಿಸಿತು.

ನಾಲ್ಕಕ್ಕೆ ಬಾಗಿಲು ಮುಚ್ಚಿತು. ನಾನು ಮೆಟ್ಟಿಲ ಮೇಲೆ ಲ್ಯಾಪ್‌ಟಾಪ್ ಹಿಡಿದು ಕೂತೆ. ಕೆಳಗಿನ ರೂಟರಿಗೂ ಮೇಲಿನದಕ್ಕೂ ನಡುವೆ ಉತ್ತರ ಎಷ್ಟು ಬೇಗ ಬರುತ್ತದೆ ಎಂದು ತೋರಿಸುವ ಗೆರೆಯೊಂದು ಪರದೆಯಲ್ಲಿ ಓಡುತ್ತಿತ್ತು. ಅತ್ತೆ ಪಕ್ಕದಲ್ಲಿ ಕೂತರು.

“ನಿಂತ್ರೆ ಗೊತ್ತಾಗ್ತೈತಾ?”

“ಗೆರೆ ಮೇಲಕ್ಕೆ ಹಾರುತ್ತೆ.”

ಇಬ್ಬರೂ ಗೆರೆಯನ್ನೇ ನೋಡಿದೆವು. ಅದು ನೆಟ್ಟಗೆ ಸಾಗುತ್ತಿತ್ತು. ಕೆಳಗೆ ಯಾರೋ ತರಕಾರಿಯವನು ಕೂಗಿದ. ಅತ್ತೆಗೆ ಸೊಪ್ಪು ಬೇಕಿತ್ತಂತೆ, ಆದರೂ ಏಳಲಿಲ್ಲ.

ಬಾಗಿಲು ತೆರೆದಾಗ ದುಭಾಷಿಯ ಹಣೆಯಲ್ಲಿ ಬೆವರಿತ್ತು. “ಒಪ್ಕೊಂಡ್ರು. ಗುರುವಾರ ಆಪರೇಷನ್” ಎಂದರು. ಅತ್ತೆ ಕೈ ಮುಗಿದರು. ನಾನು ಎದ್ದು ಕುಣಿಯುವುದೊಂದು ಬಾಕಿ. “ಆದ್ರೆ ಒಂದು ಷರತ್ತು ಹಾಕಿದಾರೆ. ನೆಟ್ಟಿನವ್ರಿಗೂ ಹೇಳಿ ಅಂದ್ರು. ಶುಕ್ರವಾರ ಪಟ್ಟಿ ಬಿಚ್ಚಿದ ತಕ್ಷಣ ನಾನು ಎದುರಿಗಿರಬೇಕಂತೆ. ಕಣ್ಣು ಬಂದಿದ್ಯೋ ಇಲ್ವೋ ಅಂತ ನನ್ನ ಕೈ ನೋಡೇ ತೀರ್ಮಾನ ಮಾಡ್ತಾರಂತೆ.”

ಶುಕ್ರವಾರ ನಾನು ಬೇರೆ ಕೆಲಸ ಒಪ್ಪಿಕೊಳ್ಳಲಿಲ್ಲ. ಯಾರೂ ಕರೆದಿರಲಿಲ್ಲ, ನಾನೇ ಹೋದೆ. ಉಳಿದ ನಾಲ್ಕು ಬಾಯಿಗಳನ್ನೂ ಉಜ್ಜಿ ಕೊಡುತ್ತೇನೆ ಎಂದು ನೆಪ ಹೇಳಿದೆ, ಅತ್ತೆ ನಂಬಿದಂತೆ ಮಾಡಿ ಕಾಫಿ ಕೊಟ್ಟರು. ಮತ್ತೆ ಅದೇ ಮೆಟ್ಟಿಲು, ಮುಚ್ಚಿದ ಬಾಗಿಲು, ನೆಟ್ಟಗಿನ ಗೆರೆ. ಒಳಗಿನಿಂದ ಬಹಳ ಹೊತ್ತು ಸದ್ದಿಲ್ಲ. ಆಮೇಲೆ ದುಭಾಷಿ ಜೋರಾಗಿ ನಕ್ಕದ್ದು ಕೇಳಿಸಿತು, ನಗು ಅಳುವಿಗೆ ತಿರುಗಿದ್ದೂ ಕೇಳಿಸಿತು. ನಾನೂ ಅತ್ತೆಯೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಆಕೆ ಹೊರಗೆ ಬಂದು ಮೆಟ್ಟಿಲ ಮೇಲೆ ನಮ್ಮಿಬ್ಬರ ನಡುವೆ ಕೂತರು. ಅತ್ತೆ, “ಏನಂದ್ರು?” ಎಂದು ಕೇಳಿದರು.

“ಇಷ್ಟು ದಿನ ನನ್ನ ಕೈ ಅವರಿಗೆ ಬರೀ ನೆರಳಿನ ಥರ ಕಾಣ್ತಿತ್ತಂತೆ. ಇವತ್ತು ಮೊದಲ ಮಾತೇ, ‘ನಿಮ್ಮ ಬೆರಳಿಗೆ ಉಗುರಿದೆ’ ಅಂದ್ರು.”